ಅವರಿಗೆ ತಿಥಿ ಇಲ್ಲ ಅಂದವರಿಗೆ

ಈ ಸಲ ಮಹಾಲಯ ಅಮಾವಾಸ್ಯೆಗೆ ರಜೆ ಹಾಕಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಊಟ ಮುಗಿಸಿ ಜಗಲಿ ಮೇಲೆ ಎಲೆಅಡಿಕೆ ಹಾಕುತ್ತಾ ಕೂತಿದ್ದಾಗ ಚಿಕ್ಕಪ್ಪ ಹೇಳಿದರು, "ನಿಮ್ಮ ಗೋವಾದವರೇ ಆರಾಮು ಮಾರಾಯ. ಎಲ್ಲಾ ಕ್ರಿಶ್ಚಿಯನ್ನರು. ತಿಥಿ, ಪಕ್ಷ ಏನೂ ತಾಪತ್ರಯ ಇಲ್ಲ. ಹೂತರು, ಮುಗೀತು."

ಗೋವಾದಲ್ಲಿ ಎಲ್ಲರೂ ಕ್ರೈಸ್ತರಲ್ಲ, 2011ರ ಜನಗಣತಿಯಲ್ಲಿ ಅವರು ನೂರಕ್ಕೆ 25 ಜನ ಅಷ್ಟೇ. ಅದಿರಲಿ. ಹೂತರೆ ಮುಗಿಯಿತು ಅನ್ನೋದು ಅದಕ್ಕಿಂತ ದೊಡ್ಡ ತಪ್ಪು. ಹನ್ನೊಂದು ವರ್ಷದಿಂದ ಮಡಗಾಂವ್‌ನಲ್ಲಿದ್ದೇನೆ, ನಮ್ಮ ಬಿಲ್ಡಿಂಗಿನಲ್ಲಿ ಅರ್ಧ ಮನೆ ಕ್ಯಾಥೊಲಿಕರದು. ಸಾವಾದ ಏಳನೇ ದಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ ಪೂಜೆ, ತಿಂಗಳು ತುಂಬಿದಾಗ ಪೂಜೆ, ವರ್ಷಕ್ಕೊಂದು ಪೂಜೆ, ಪೇಪರಿನಲ್ಲಿ ಫೋಟೊ. ನವೆಂಬರ್ 2 ಬಂತೆಂದರೆ ಸಂಜೆ ಇಡೀ ಸ್ಮಶಾನಕ್ಕೆ ಮೇಣದಬತ್ತಿ. ಇದನ್ನು ತಿಥಿ ಅನ್ನದೆ ಇನ್ನೇನನ್ನಬೇಕು?

ನನಗೆ ನಿಜವಾಗಿ ಆಶ್ಚರ್ಯ ಆಗಿದ್ದು ಒಂದು ಮದುವೆ ಮನೆಯಲ್ಲಿ. ಮದುವೆಗೆ ಮೊದಲು ಒಂದು ಮಧ್ಯಾಹ್ನ ಬಡವರನ್ನು ಕರೆದು ಸಾಲಾಗಿ ಕೂರಿಸಿ ಬಡಿಸುತ್ತಿದ್ದರು. ದಾನ ಇರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ತೀರಿಹೋದ ಹಿರಿಯರ ಹೆಸರಿನಲ್ಲಿ ಹಾಕುವ ಊಟ, 'ಭಿಕಾರ‍್ಯಾಂಚೆಂ ಜೆವಣ್' ಅಂತಾರೆ. ನಮ್ಮ ಮನೆಗಳಲ್ಲಿ ಮದುವೆ, ಉಪನಯನಕ್ಕೆ ಮೊದಲು ನಾಂದಿ ಇಟ್ಟು ಪಿತೃಗಳನ್ನು ಕರೆಯುತ್ತೇವಲ್ಲ, ಅದೇ ಲೆಕ್ಕ. ಶುಭ ಕೆಲಸಕ್ಕೆ ಸತ್ತವರಿಗೆ ಮೊದಲು ತಿಳಿಸಬೇಕು ಅನ್ನೋದು ಇಗರ್ಜಿಗೆ ಹೋಗುವವರ ಮನೆಯಲ್ಲೂ ಹೋಗಿಲ್ಲ.

ಹಾಗಂತ ಎರಡೂ ಒಂದೇ ಅಂತ ಹೇಳುತ್ತಿಲ್ಲ. ಎಲ್ಲಾ ಧರ್ಮವೂ ಒಂದೇ ಹೇಳೋದು ಅನ್ನುವ ಮಾತು ಕೇಳಿದರೆ ನನಗೆ ಸುಮ್ನೆ ಸಿಟ್ಟು ಬರುತ್ತದೆ. ನಮ್ಮಲ್ಲಿ ಸತ್ತವರಿಗೊಂದು ಟೈಮ್‌ಟೇಬಲ್ ಇದೆ. ಹನ್ನೆರಡನೇ ದಿನ ಸಪಿಂಡೀಕರಣ ಆಯಿತು ಅಂದರೆ ಪ್ರೇತ ಪಿತೃಗಳ ಸಾಲಿಗೆ ಸೇರಿತು, ಆಮೇಲೆ ವರ್ಷ ವರ್ಷ ಬಂದು ಊಟ ಮಾಡುವುದಷ್ಟೇ ಬಾಕಿ. ಕ್ಯಾಥೊಲಿಕರಲ್ಲಿ ಸತ್ತ ಕೂಡಲೇ ಒಬ್ಬೊಬ್ಬರಿಗೂ ಒಂದು ತೀರ್ಪು. ಒಂದೇ ಜನ್ಮ, ಒಂದೇ ಪರೀಕ್ಷೆ, ಸಪ್ಲಿಮೆಂಟರಿ ಇಲ್ಲ. ಸ್ವರ್ಗಕ್ಕೆ ಹೋಗುವ ಮೊದಲು ನಡುವೆ ಶುದ್ಧೀಕರಣ ಸ್ಥಳ ಅಂತ ಒಂದಿದೆ, ಅದನ್ನು ಎರಡನೇ ಚಾನ್ಸ್ ಅಂತ ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ಅಲ್ಲಿಗೆ ಹೋಗುವವರು ಆಗಲೇ ಪಾಸಾದವರು. ಮಳೆಗಾಲದಲ್ಲಿ ತೋಟದಿಂದ ಬಂದವರು ಮನೆಯವರೇ ಆದರೂ ಕಾಲು ತೊಳೆಯದೆ ಒಳಗೆ ಬರುವ ಹಾಗಿಲ್ಲವಲ್ಲ, ಹಾಗೆ. ಕಾಲು ತೊಳೆಯಲು ಎಷ್ಟು ಹೊತ್ತು ಬೇಕು ಅಂತ ಕ್ಯಾಥೊಲಿಕ್ ಚರ್ಚು ಲೆಕ್ಕ ಕೊಟ್ಟಿಲ್ಲ, ಅದಕ್ಕೇ ಇಪ್ಪತ್ತು ವರ್ಷ ಆದರೂ ಅಜ್ಜನ ಹೆಸರಿನಲ್ಲಿ ಪೂಜೆ ಇಡಿಸುತ್ತಲೇ ಇರುತ್ತಾರೆ. ಪ್ರೊಟೆಸ್ಟೆಂಟರು ಇದನ್ನು ಒಪ್ಪುವುದಿಲ್ಲ. ಅವರ ಪಂಗಡಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1517ರಲ್ಲಿ ಎತ್ತಿದ ಜಗಳವೇ ದುಡ್ಡು ಕೊಟ್ಟು ಈ ಶುದ್ಧೀಕರಣದ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ವ್ಯವಹಾರದ್ದು. ಸತ್ತವರಿಗಾಗಿ ಪ್ರಾರ್ಥಿಸುವುದೂ ಅವರಲ್ಲಿ ಹೆಚ್ಚಿನವರಿಗಿಲ್ಲ, ಹಾಗಾಗಿ ಚಿಕ್ಕಪ್ಪನ ಮಾತು ಅವರಿಗೆ ಸ್ವಲ್ಪ ಹೊಂದುತ್ತದೆ.

ದೊಡ್ಡ ವ್ಯತ್ಯಾಸ ಇರುವುದು ದೇಹದ ವಿಷಯದಲ್ಲಿ. ನಮಗೆ ದೇಹ ಹಳೇ ಬಟ್ಟೆ. ಅಪ್ಪನ ಅಸ್ಥಿಯನ್ನು ಕೂಡಲಿಯಲ್ಲಿ, ತುಂಗೆ ಭದ್ರೆ ಸೇರುವಲ್ಲಿ ಬಿಟ್ಟು ಹಿಂದೆ ತಿರುಗಿ ನೋಡದೆ ಬಂದೆವು. ಅವರ ನಂಬಿಕೆಯಲ್ಲಿ ಕಡೇ ದಿನ ಸತ್ತವರೆಲ್ಲ ದೇಹ ಸಮೇತ ಏಳಬೇಕು. 1963ರವರೆಗೂ ಕ್ಯಾಥೊಲಿಕರಿಗೆ ಸುಡಲು ಅನುಮತಿಯೇ ಇರಲಿಲ್ಲ. ಈಗ ಸುಡಬಹುದು, ಆದರೆ ಬೂದಿಯನ್ನು ನೀರಿಗೆ ಬಿಡುವ ಹಾಗಿಲ್ಲ ಅಂತ 2016ರಲ್ಲಿ ರೋಮಿನ ವ್ಯಾಟಿಕನ್ ಮತ್ತೆ ಹೇಳಿತು. ಪಕ್ಕದ ಮನೆ ಆಂಟಿ ಒಮ್ಮೆ ನನ್ನನ್ನು ಕೇಳಿದ್ದರು, "ನಿನ್ನ ಅಪ್ಪ ಎಲ್ಲಿದ್ದಾರೆ?" ಹೊಳೆಯಲ್ಲಿ ಅಂದೆ. "ಹಾಗಾದರೆ ಬತ್ತಿ ಎಲ್ಲಿ ಹಚ್ಚುತ್ತೀಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಹಿಂದೂಗಳೆಲ್ಲ ಸುಡುತ್ತಾರೆ ಅನ್ನೋದೂ ಸುಳ್ಳೇ ಬಿಡಿ, ಶಿಕಾರಿಪುರದ ಕಡೆ ಲಿಂಗಾಯತರ ಮನೆಗಳಲ್ಲಿ ಹೂಳುವುದೇ ಪದ್ಧತಿ. ಆದರೆ ಅವರು ಯಾರೂ ಎದ್ದು ಬರಲಿ ಅಂತ ಹೂಳುವುದಿಲ್ಲ. ಲಿಂಗದಲ್ಲಿ ಸೇರಿಯಾಯಿತು, ಅಷ್ಟೇ.

2024ರ ನವೆಂಬರಿನಲ್ಲಿ ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹವನ್ನು ದರ್ಶನಕ್ಕಿಟ್ಟಾಗ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆ. ಹತ್ತು ವರ್ಷಕ್ಕೊಮ್ಮೆ ನಡೆಯುವುದು. ಬಿಸಿಲಲ್ಲಿ ಉದ್ದ ಕ್ಯೂ, ಅಮ್ಮ ಸೆರಗು ತಲೆ ಮೇಲೆ ಹೊದ್ದು ನಿಂತಿದ್ದರು. ಗಾಜಿನ ಪೆಟ್ಟಿಗೆಯೊಳಗೆ ಕಪ್ಪಗೆ ಒಣಗಿದ ಪಾದ ಕಂಡಿದ್ದೇ ಕೈ ಮುಗಿದರು. ಹೊರಗೆ ಬಂದು, ಅವರು ತೀರಿಕೊಂಡಿದ್ದು 1552ರಲ್ಲಿ ಅಂತ ಹೇಳಿದೆ. "ಅಯ್ಯೋ, ಇನ್ನೂ ಕಳಿಸಿಕೊಟ್ಟಿಲ್ವಾ ಅವರನ್ನ?" ಅಂದರು.

ಇನ್ನು ಲೋಕ ಮುಳುಗುವ ವಿಷಯ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನ ಕೈಗೊಂದು ಚೀಟಿ ತುರುಕಿದ್ದರು, ಅಂತ್ಯಕಾಲ ಬಂದೇಬಿಟ್ಟಿದೆ ಅಂತ. ಇದು ನನಗೆ ಹಿಡಿಸುವುದಿಲ್ಲ. ನಮ್ಮ ಕಲಿಯುಗಕ್ಕೆ 4,32,000 ವರ್ಷ, ಯಾರಿಗೂ ಅವಸರ ಇಲ್ಲ. ಅಮೆರಿಕದಲ್ಲಿ ಮಿಲ್ಲರ್ ಅನ್ನುವವರ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಯೇಸು ಬರುತ್ತಾನೆ ಅಂತ ಕಾದು ಕೂತರು, ಬರಲಿಲ್ಲ. 2011ರ ಮೇ 21ಕ್ಕೆ ಇನ್ನೊಬ್ಬರು ದಿನ ಗೊತ್ತು ಮಾಡಿದ್ದರು, ಅದೂ ಹೋಯಿತು. ಆ ದಿನ, ಆ ಗಳಿಗೆ ಯಾರಿಗೂ ತಿಳಿಯದು ಅಂತ ಮತ್ತಾಯನ ಸುವಾರ್ತೆಯಲ್ಲೇ ಇದೆ. ನಮ್ಮ ಆಂಟಿಗೆ ಈ ಚೀಟಿ ತೋರಿಸಿದಾಗ ಅವರು ಅದರಲ್ಲಿ ಒಣ ಮೀನು ಸುತ್ತಿಟ್ಟರು. ಹಳೇ ಕ್ಯಾಥೊಲಿಕರು ಈ ವಿಷಯದಲ್ಲಿ ನಮ್ಮ ಹಾಗೇ ನಿಧಾನಸ್ಥರು.

ಜಗಲಿ ಮೇಲೆ ಇಷ್ಟೆಲ್ಲ ಹೇಳಿದ ಮೇಲೂ ಚಿಕ್ಕಪ್ಪ "ಆಗಲಿ ಬಿಡು" ಅಂತ ಅಡಿಕೆ ರೇಟಿಗೆ ಹೊರಳಿದರು. ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದವರು ಅಮ್ಮ. ಮಿಕ್ಕ ಸುಕ್ಕಿನುಂಡೆಯನ್ನು ಡಬ್ಬಿಗೆ ತುಂಬುತ್ತಾ ಕೇಳಿದರು, "ಆ ನವೆಂಬರಿನಲ್ಲಿ ಅವರ ಸತ್ತವರಿಗೆ ಬಡಿಸೋದು ಏನು?"

"ಏನಿಲ್ಲ ಅಮ್ಮ, ಹೂವು, ಮೇಣದಬತ್ತಿ, ಪ್ರಾರ್ಥನೆ."

"ಪಾಪ," ಅಂದರು, "ಹೊಟ್ಟೆಗೆ?"