ನೀರು ಕಾಯೋನಿಗೆ ಕೂಲಿ ಎಲ್ಲಿಂದ?

ಈಗ್ತಾನೆ ಅಂತರ್ಜಲ ಡಿಸ್ಟ್ರಿಕ್ಟ್ ಮೀಟಿಂಗಿಂದ ಬಂದೆ, ಊಟಾನೂ ಮಾಡಿಲ್ಲ, ಸಿಟ್ಟು ಇಳಿದಿಲ್ಲ, ಅದಕ್ಕೇ ಇಲ್ಲಿ ಕುಟ್ಟುತಾ ಇದೀನಿ. ಊರಲ್ಲಿರೋರಿಗೆ ಒಂದು ಮಾತು, ಇಲ್ಲಿ ಡಿಸ್ಟ್ರಿಕ್ಟ್ ಅಂದ್ರೆ ಡಿ.ಸಿ. ಆಫೀಸೂ ಅಲ್ಲ, ಜಿಲ್ಲೇನೂ ಅಲ್ಲ. ನೆಲದಡಿ ನೀರು ನೋಡ್ಕೊಳ್ಳೋಕೆ ಅಂತಲೇ ಇರೋ ಸಂಸ್ಥೆ. ಟೆಕ್ಸಸ್‌ನಲ್ಲಿ ಇಂಥವು ಹತ್ತಿರ ಹತ್ತಿರ ನೂರು ಇದಾವೆ, ಮೊದಲನೇದು 1951ರಲ್ಲಿ ಲಬಕ್ ಕಡೆ ಶುರುವಾಗಿದ್ದು. ನಮ್ಮ ಹೇಸ್ ಕೌಂಟಿ ಪಶ್ಚಿಮಕ್ಕೆ ಹೇಸ್ ಟ್ರಿನಿಟಿ ಅನ್ನೋದು, ಓಟ್ ಹಾಕಿ ಆರಿಸಿದ ಐದು ಜನ ಡೈರೆಕ್ಟರ್‌ಗಳು.

ಇವತ್ತು ದುಡ್ಡಿನ ವಿಷಯ. ಎಣಿಸಿದೆ, ಕೇಳೋಕೆ ಬಂದೋರು ಹನ್ನೊಂದು ಜನ. ಟೋಪಿ ಹಾಕಿದ್ದ ಒಬ್ಬ ಅಜ್ಜ ಎದ್ದು ನಿಂತು "ನನ್ನ ಜಮೀನು, ನನ್ನ ನೀರು, ಮೀಟರ್ ಹಿಡ್ಕೊಂಡು ಯಾರಾದ್ರೂ ಬಂದ್ರೆ ಗೇಟ್ ತೆಗೆಯಲ್ಲ" ಅಂದ. ಚಪ್ಪಾಳೆ! ಮೂರು ನಿಮಿಷದ ಟೈಮರ್ ಬಡ್ಕೊಂಡ್ರೂ ಆಸಾಮಿ ಕೂರಲಿಲ್ಲ.

ನನ್ನ ಹೊಟ್ಟೆ ಉರಿಸೋ ವಿಷಯ ಏನಂದ್ರೆ, ಈ ಡಿಸ್ಟ್ರಿಕ್ಟಿಗೆ ಆಸ್ತಿ ತೆರಿಗೆ ಹಾಕೋ ಹಂಗಿಲ್ಲ. ಬೇರೆ ಎಷ್ಟೋ ಡಿಸ್ಟ್ರಿಕ್ಟ್‌ಗಳಿಗೆ ಜನ ಒಪ್ಪಿದ್ರೆ ಆ ಅಧಿಕಾರ ಇದೆ. ಎತ್ತಿದ ನೀರಿನ ಮೇಲೆ ಫೀ ಹಾಕೋ ಹಂಗೂ ಇಲ್ಲ. ರಾಜ್ಯದ ಕಾನೂನಲ್ಲಿ ಆ ಫೀ ಎಷ್ಟು ಗೊತ್ತಾ, ಒಂದು ಏಕರೆ-ಅಡಿಗೆ, ಅಂದ್ರೆ ಹನ್ನೆರಡು ಲಕ್ಷ ಲೀಟರಿಗೂ ಮೇಲೆ, ಬೇಸಾಯಕ್ಕಾದ್ರೆ ಹೆಚ್ಚಂದ್ರೆ 1 ಡಾಲರ್, ಬೇರೆ ಬಳಕೆಗೆ 10 ಡಾಲರ್. ಅದೂ ನಮ್ಮೋರಿಗೆ ಇಲ್ಲ. ಇರೋದೇನು? ಹೊಸ ನೀರಿನ ಕನೆಕ್ಷನ್ ಫೀ, ಪರ್ಮಿಟ್ ಅರ್ಜಿ ಫೀ, ಯಾರಾದ್ರೂ ಕೈ ಎತ್ತಿ ಕೊಟ್ಟಿದ್ದು. ಅಂದ್ರೆ ನೀರು ಉಳಿಸೋ ಆಫೀಸು ನಡೀಬೇಕಾದ್ರೆ ಹೊಸ ಮನೆಗಳು ಏಳ್ತಾನೇ ಇರಬೇಕು, ಅದೇ ನೀರು ಹೀರ್ತಾನೇ ಇರಬೇಕು. ಹೊಟ್ಟೆ ತುಂಬಬೇಕಂದ್ರೆ ಕಳ್ಳ ಬರಲಿ ಅಂತ ಕಾವಲುಗಾರ ದೇವರಿಗೆ ಹರಕೆ ಹೊತ್ತಂಗೆ.

ಸರಿ ಮಾಡೋಕೆ ನೋಡಲಿಲ್ಲ ಅಂತಲ್ಲ. 2025ರಲ್ಲಿ ಒಂದು ಬಿಲ್ ಎರಡೂ ಸದನ ದಾಟಿತ್ತು. ಜೂನಲ್ಲಿ ಗವರ್ನರ್ ಅಬಾಟ್ ವೀಟೋ ಮಾಡಿದ್ರು. ಮುಗೀತು.

ಆ ಅಜ್ಜನ ಮಾತಲ್ಲೂ ನ್ಯಾಯ ಇದೆ ಅಂತೀರಾ? ಇರಬಹುದು, ತೆರಿಗೆ ಅಂದ್ರೆ ಯಾರಿಗೆ ಇಷ್ಟ. ಆದ್ರೆ ಅವನ "ನನ್ನ ನೀರು" ಕಾನೂನು ಹುಟ್ಟಿದ ಕಥೆ ಕೇಳಿ. ಡೆನಿಸನ್ ಅನ್ನೋ ಊರಲ್ಲಿ ರೈಲ್ವೆ ಕಂಪನಿ ದೊಡ್ಡ ಬಾವಿ ತೋಡಿ ದಿನಕ್ಕೆ 25,000 ಗ್ಯಾಲನ್ ಎತ್ತಿತು, ಪಕ್ಕದ ಈಸ್ಟ್ ಅನ್ನೋನ ಮನೆ ಬಾವಿ ಒಣಗಿಹೋಯ್ತು. 1904ರಲ್ಲಿ ಕೋರ್ಟು ರೈಲ್ವೆಗೇ ಜೈ ಅಂತು, ನೆಲದೊಳಗಿನ ನೀರು ಗುಟ್ಟಿನದು, ಅದಕ್ಕೆ ನಿಯಮ ಮಾಡೋಕಾಗಲ್ಲ ಅಂತ. ಈಗ ರಾಜ್ಯದ ಕಾನೂನಲ್ಲಿ ಹತ್ತೆಕರೆಗಿಂತ ಜಾಸ್ತಿ ಜಾಗದಲ್ಲಿರೋ ಮನೆ ಬೋರಿಗೆ ಪರ್ಮಿಟ್ ವಿನಾಯ್ತಿ, ಅದರ ಮಿತಿ ಎಷ್ಟು ಹೇಳಿ? ದಿನಕ್ಕೆ 25,000 ಗ್ಯಾಲನ್! ಅವತ್ತು ಪಕ್ಕದೋನ ಬಾವಿ ಬತ್ತಿಸಿದ ಲೆಕ್ಕ ಇವತ್ತು "ಸಣ್ಣ ಬೋರು". ನಮ್ಮೂರ 5,000 ಲೀಟರ್ ಟ್ಯಾಂಕರಲ್ಲಿ ಹತ್ತೊಂಬತ್ತು ಲೋಡಪ್ಪಾ.

ಹತ್ತಿರದ ವಿಂಬರ್ಲಿಯಲ್ಲಿ ಜೇಕಬ್ಸ್ ವೆಲ್ ಅಂತ ಬುಗ್ಗೆ ಇದೆ. ಜನರಿಗೆ ನೆನಪಿರೋ ಕಾಲದಿಂದ ಹರೀತಿದ್ದದ್ದು 2000ರಲ್ಲಿ ಮೊದಲ ಸಲ ನಿಂತುಹೋಯ್ತು, ಆಮೇಲೂ ನಿಂತಿದೆ. 2022ರಲ್ಲಿ ಅಲ್ಲಿ ಈಜೋದೇ ಬಂದ್ ಆಯ್ತು. ಮಗಳಿಗೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೆ, ಹೋಗಿ ಬಂಡೆ ನೋಡ್ಕೊಂಡು ಬಂದ್ವಿ.

ದಾರೀಲಿ ಅಪ್ಪನಿಗೆ ಫೋನ್ ಮಾಡಿದೆ. ನಿಮಗೆ ಗೊತ್ತಲ್ಲ, ಕೋಲಾರದ ಹತ್ತಿರ ಅಪ್ಪ ಕೊರೆಸಿದ್ದು ನಾಲ್ಕು ಬೋರು, ಮೂರು ಫೇಲು. ರಿಗ್ ಗಾಡಿ ಬರೀ ಧೂಳು ಉಗುಳ್ತಾ ಇದ್ರೆ ಅಪ್ಪ ಪಕ್ಕದಲ್ಲಿ ಕೂತು ಬಂದ ಕಲ್ಲುಪುಡೀನ ಕೈಯಲ್ಲಿ ಹಿಸುಕಿ ಹಿಸುಕಿ ನೋಡೋರು, ತೇವ ಇದೆಯಾ ಅಂತ. ನಾನು ಈ ಡಿಸ್ಟ್ರಿಕ್ಟ್ ಪುರಾಣ ಹೇಳಿದ್ರೆ ಅವರು "ಅಂದ್ರೆ ನೀರಗಂಟಿ ಅನ್ನು" ಅಂದ್ರು. ಕೆರೆ ತೂಬು ಎತ್ತೋದು, ಯಾರ ಗದ್ದೆಗೆ ಎಷ್ಟು ಹೊತ್ತು ಬಿಡಬೇಕು ಅಂತ ನೋಡ್ಕೊಳ್ಳೋದು ಅವನ ಕೆಲಸ. ಸುಗ್ಗೀಲಿ ಪ್ರತಿ ಕಣದಲ್ಲೂ ಅವನ ಪಾಲು ಅಳೆದು ಕೊಟ್ಟೇ ಮಿಕ್ಕಿದ್ದು ಮನೆಗೆ ಬರೋದು. ಬಾಯಿಗೆ ಬಂದಂಗೆ ಬೈಯ್ಯೋರು, ನಂಗೆ ಕಮ್ಮಿ ಬಿಟ್ಟ ಅಂತ ಜಗಳ ಆಡೋರು, ಪಾಲು ಮಾತ್ರ ತಪ್ಪಿಸ್ತಿರಲಿಲ್ಲ.

"ನೀನೇನು ಕೊಡ್ತೀಯೋ ನಿಮ್ಮ ನೀರಗಂಟಿಗೆ?"

ಏನೂ ಇಲ್ಲ ಅಪ್ಪ, ಅಂದೆ.

ನಿಜ ಹೇಳಿಬಿಡ್ತೀನಿ. ನಮ್ಮನೇದೂ ಬೋರೇ. ಪರ್ಮಿಟ್ ಇಲ್ಲ, ವರ್ಷಕ್ಕೆ ಒಂದು ಸೆಂಟ್ ಕೊಟ್ಟಿಲ್ಲ, ಹುಲ್ಲಿಗೆ ನೀರು ಬಿಡೋನೂ ನಾನೇ. ಹೋದ ಸಲ ಬ್ಯಾಲೆಟ್‌ನಲ್ಲಿ ಡೈರೆಕ್ಟರ್ ಹೆಸರು ಬಂದಾಗ ಇವರ್ಯಾರೋ ಅಂತ ಖಾಲಿ ಬಿಟ್ಟು ಬಂದಿದ್ದೆ. ಇವತ್ತು ಆ ಅಜ್ಜನಿಗೆ ಉತ್ತರ ಕೊಡಬೇಕು ಅಂತ ಮಾತಾಡೋ ಚೀಟಿ ತುಂಬಿದ್ದೆ, ಜೇಬಲ್ಲೇ ಉಳೀತು. ನನ್ನ ಇಂಗ್ಲಿಷ್ ಕೇಳಿ ಯಾರಾದ್ರೂ "ಎಲ್ಲಿಂದ ಬಂದೆ" ಅಂತಾರೇನೋ ಅನ್ನೋ ಭಯ, ಇನ್ನೇನು.

ಮುಂದಿನ ತಿಂಗಳು ಮತ್ತೆ ಮೀಟಿಂಗ್ ಇದೆ. ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ಕಡೆಯೋರು ಬರೋದಾದ್ರೆ ಹೇಳಿ, ನನ್ನ ಕಾರಲ್ಲಿ ಮೂರು ಸೀಟು ಇದೆ. ಸ್ವಂತ ಬೋರ್ ಇರೋರಿಗೆ ಮೊದಲು.