ನಾಲ್ಕು ವರ್ಷ ಮಿಲ್ಟ್ರಿಯಲ್ಲಿದ್ದ ಹುಡುಗನ ಆಸ್ಪತ್ರೆ ಖರ್ಚು ಯಾರದ್ದು?

ನಾನು ಮಧುಗಿರಿ ತಾಲ್ಲೂಕಿನವನು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಊರಲ್ಲಿ ನನ್ನ ಅಕ್ಕನ ಮಗ ಅಗ್ನಿವೀರನಾಗಿ, ಅಂದರೆ ನಾಲ್ಕು ವರ್ಷದ ಅವಧಿಗೆ, ಸೈನ್ಯ ಸೇರಿದ್ದಾನೆ. ಇಲ್ಲಿ ಆಫೀಸಿನಲ್ಲಿ ನನ್ನ ಪಕ್ಕ ಕೂರುವವನು ಅಮೆರಿಕದ ಮೀಸಲು ಪಡೆಯ ಸೈನಿಕ. ಇಬ್ಬರೂ ದೇಶಕ್ಕಾಗಿ ಬಂದೂಕು ಹಿಡಿದವರೇ. ಆದರೆ ಕಾಯಿಲೆ ಬಿದ್ದರೆ ಯಾರಿಗೆ ಏನು ಸಿಗುತ್ತದೆ ಅಂತ ನೋಡಿದರೆ ಅಜಗಜಾಂತರ.

ನನ್ನ ಸಹೋದ್ಯೋಗಿ ತಿಂಗಳಿಗೊಂದು ಶನಿವಾರ-ಭಾನುವಾರ ಡ್ರಿಲ್‌ಗೆ ಹೋಗುತ್ತಾನೆ. ವರ್ಷಕ್ಕೆ ಸುಮಾರು ಎರಡು ವಾರ ತರಬೇತಿ. ಉಳಿದ ದಿನ ನನ್ನ ಹಾಗೇ ಕಂಪ್ಯೂಟರ್ ಮುಂದೆ. ಇಂಥವರಿಗೆ ಅಂತಲೇ 'ಟ್ರೈಕೇರ್ ರಿಸರ್ವ್ ಸೆಲೆಕ್ಟ್' ಅನ್ನೋ ವಿಮೆ ಇದೆ. 2024ರಲ್ಲಿ ಒಬ್ಬರಿಗೆ ತಿಂಗಳಿಗೆ 51.95 ಡಾಲರ್, ಕುಟುಂಬಕ್ಕೆ 256.87 ಡಾಲರ್ ಕಟ್ಟಬೇಕಿತ್ತು. ವಿಮೆಯ ವೆಚ್ಚದಲ್ಲಿ ಸೈನಿಕನ ಪಾಲು 28%, ಮಿಕ್ಕಿದ್ದು ಸರ್ಕಾರದ್ದು. ಅವನ ಮಗಳಿಗೆ ಉಬ್ಬಸ. ಇನ್‌ಹೇಲರ್, ಡಾಕ್ಟರ್ ಭೇಟಿ ಎಲ್ಲಾ ಇದರಲ್ಲೇ ನಡೆಯುತ್ತದೆ. ಕಂಪನಿಯ ವಿಮೆಗೆ ಸಂಬಳದಲ್ಲಿ ಇದಕ್ಕಿಂತ ಜಾಸ್ತಿ ಹಿಡಿಯುತ್ತಾರೆ ಅಂತ ಅದನ್ನು ಬೇಡ ಎಂದು ಬರೆದುಕೊಟ್ಟಿದ್ದಾನೆ.

ಇಲ್ಲಿ ಎಲ್ಲಾ ಸರಿಯಿದೆ ಅಂತ ನಾನು ಹೇಳುತ್ತಿಲ್ಲ. ಮೂವತ್ತು ದಿನಕ್ಕಿಂತ ಹೆಚ್ಚು ಪೂರ್ಣಾವಧಿ ಸೇವೆಗೆ ಕರೆದರೆ ವಿಮೆ ಬದಲಾಗುತ್ತದೆ, ಆಗ ಪ್ರೀಮಿಯಂ ಇಲ್ಲ. ವಾಪಸ್ ಬಂದ ಮೇಲೆ ಮತ್ತೆ ಹೆಸರು ಬರೆಸಬೇಕು. ದಾಖಲೆಯಲ್ಲಿ ಒಂದು ತಾರೀಖು ತಪ್ಪಿದರೂ ಔಷಧಿ ಅಂಗಡಿಯಲ್ಲಿ 'ನಿಮ್ಮ ಹೆಸರಿಲ್ಲ' ಅಂತಾರೆ. ಹೆಸರಿಗಷ್ಟೇ ಮೀಸಲು ಪಟ್ಟಿಯಲ್ಲಿದ್ದು ಡ್ರಿಲ್‌ಗೆ ಹೋಗದವರಿಗೆ ಈ ವಿಮೆ ಇಲ್ಲ. ಇಲ್ಲಿನ ಕೇಂದ್ರ ಸರ್ಕಾರದ ನೌಕರರ ವಿಮೆಗೆ ಅರ್ಹರಾದವರಿಗೂ ಇಲ್ಲ, ಅವರಿಗೆ ಬಾಗಿಲು ತೆಗೆಯುವುದು 2030ಕ್ಕೆ. ಇಷ್ಟೆಲ್ಲಾ ತೊಡಕಿದ್ದರೂ ಒಂದು ಮಾತು ಮೆಚ್ಚಬೇಕು. ಪೆನ್ಷನ್ ಬರುತ್ತೋ ಇಲ್ವೋ ಅಂತ ಇಲ್ಲಿ ಕೇಳುವುದಿಲ್ಲ. ಕರೆದರೆ ಬರುತ್ತೀಯಾ, ನಿನ್ನ ಪಾಲು ಕಟ್ಟುತ್ತೀಯಾ ಅಂತಷ್ಟೇ ಕೇಳುತ್ತಾರೆ.

ನಮ್ಮಲ್ಲಿ ಎಲ್ಲಕ್ಕೂ ಪೆನ್ಷನ್ನೇ ಬೀಗದ ಕೈ. ಪೆನ್ಷನ್ ಬರುವ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ 2003ರ ಏಪ್ರಿಲ್ 1ರಂದು ಶುರುವಾಯಿತು. ಹವಾಲ್ದಾರ್ ವರೆಗಿನವರು ನಿವೃತ್ತಿ ಹೊತ್ತಿಗೆ ಒಂದೇ ಸಲ 30,000 ರೂಪಾಯಿ ಕಟ್ಟಿದರೆ ಸಾಕು, ಗಂಡ ಹೆಂಡತಿ ಇಬ್ಬರಿಗೂ ಜೀವನಪೂರ್ತಿ ಚಿಕಿತ್ಸೆ. ನಮ್ಮೂರಲ್ಲಿ ಒಬ್ಬರಿದ್ದಾರೆ, ನಾವೆಲ್ಲ 'ಮಿಲ್ಟ್ರಿ ಮಾವ' ಅಂತೀವಿ. ಅವರಿಗೆ ಬೆಂಗಳೂರಿನಲ್ಲಿ ಎರಡು ಸ್ಟೆಂಟ್ ಹಾಕಿದರು, ಜೇಬಿನಿಂದ ಹೋಗಿದ್ದು ಬಸ್ ಚಾರ್ಜು, ಊಟದ ಖರ್ಚು ಅಷ್ಟೇ. ಇದು ಬಹಳ ಒಳ್ಳೆಯ ಯೋಜನೆ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಪೆನ್ಷನ್ ಇಲ್ಲದವರ ಕಥೆ? ನಮ್ಮ ಟೆರಿಟೋರಿಯಲ್ ಆರ್ಮಿ 1949ರಿಂದ ಇದೆ. ನನ್ನ ಸಹೋದ್ಯೋಗಿಯಂತೆ ಬೇರೆ ಕೆಲಸ ಮಾಡಿಕೊಂಡೇ ಸೇವೆ ಮಾಡುವವರ ಪಡೆ ಅದು. ಅಲ್ಲಿ ಜವಾನನಿಗೆ ಪೆನ್ಷನ್ ಸಿಗಬೇಕಾದರೆ ಕರೆಸಿಕೊಂಡು ದುಡಿಸಿದ ಅವಧಿಯೇ ಒಟ್ಟು 15 ವರ್ಷ ಆಗಬೇಕು. ಮನೆಗೆ ಕಳಿಸಿದ ದಿನಗಳು ಲೆಕ್ಕಕ್ಕಿಲ್ಲ.

ಅಗ್ನಿವೀರರದ್ದು ಇನ್ನೂ ಕಷ್ಟ. 2022ರ ಜೂನ್‌ನಲ್ಲಿ ಯೋಜನೆ ಘೋಷಿಸಿದಾಗಲೇ ಹೇಳಿಬಿಟ್ಟಿದ್ದರು: ನಾಲ್ಕು ವರ್ಷ ಆದ ಮೇಲೆ ಪೆನ್ಷನ್ ಇಲ್ಲ, ಇಸಿಎಚ್‌ಎಸ್ ಇಲ್ಲ. ಉಳಿಸಿಕೊಳ್ಳುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರನ್ನು. ಸೇವೆಯಲ್ಲಿರುವಾಗ 48 ಲಕ್ಷದ ಜೀವವಿಮೆ ಇದೆ, ಹೊರಡುವಾಗ ಸುಮಾರು 11.71 ಲಕ್ಷ ಸೇವಾ ನಿಧಿ. ಒಪ್ಪುತ್ತೇನೆ, ಅದು ಸಣ್ಣ ಮೊತ್ತವಲ್ಲ. ಆದರೆ ನಮ್ಮ ಕಡೆ ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು: ತಂಗಿ ಮದುವೆ, ಬೋರ್‌ವೆಲ್, ಹಳೇ ಸಾಲ.

ಹುಡುಗ ಮಂಡಿನೋವು ತಗೊಂಡು ಮನೆಗೆ ಬಂದ ಅಂತಿಟ್ಟುಕೊಳ್ಳಿ. ಖಾಸಗಿ ವಿಮೆ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆಯುಷ್ಮಾನ್ ಕಾರ್ಡಿನಲ್ಲಿ ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ 30% ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. 'ನಾಕು ವರ್ಷ ಅವರ ಕೈಲಿ ಕೊಟ್ಟಿದ್ದೀನಿ ಕಣೋ, ಆಮೇಲೆ ಅವನ ಕೈಕಾಲು ಯಾರು ನೋಡ್ತಾರೆ?' ಅಂತ ಅಕ್ಕ ಕೇಳುತ್ತಾಳೆ. ಅವಳು ಕೇಳುವುದು ನ್ಯಾಯವಾಗಿಯೇ ಇದೆ.

ಇದಕ್ಕೆ ದಾರಿ ಹುಡುಕಲು ಅಮೆರಿಕದವರೆಗೂ ಹೋಗಬೇಕಿಲ್ಲ. ನಮ್ಮೂರ ಹಾಲಿನ ಡೈರಿಯಲ್ಲೇ ಇದೆ. ಸಹಕಾರ ಸಂಘದ ಸದಸ್ಯರಿಗೆ ಇರುವ ಯಶಸ್ವಿನಿ ಆರೋಗ್ಯ ಯೋಜನೆಯೂ 2003ರದ್ದೇ. 2018ರಲ್ಲಿ ನಿಂತುಹೋಯಿತು, 2022-23ರಲ್ಲಿ ಮತ್ತೆ ಬಂತು. ಹಳ್ಳಿಯಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ಚಿಕಿತ್ಸೆ. ಬೆಳಿಗ್ಗೆ ಹಾಲು ಅಳೆದು ಮುಗಿದ ಮೇಲೆ ಡೈರಿ ಸೆಕ್ರೆಟರಿ ಆಧಾರ್, ರೇಷನ್ ಕಾರ್ಡು, ಫೋಟೋ ಇಸ್ಕೊಂಡು ಹೆಸರು ಬರೆದುಕೊಳ್ಳುತ್ತಾರೆ. ಅಪ್ಪ ಬದುಕಿರುವಾಗ ಸಾಲಿನಲ್ಲಿ ನಿಂತು ಮಾಡಿಸಿದ್ದರು. ಸಂಘದ ಸದಸ್ಯನಾಗಿರು, ನಿನ್ನ ಪಾಲು ಕಟ್ಟು, ಉಳಿದದ್ದು ನಾವು ನೋಡ್ಕೋತೀವಿ. ಟ್ರೈಕೇರ್‌ನ ಲೆಕ್ಕವೂ ಇದೇ ಅಲ್ವಾ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಅಗ್ನಿವೀರರಿಗೂ ಪೆನ್ಷನ್ ಇಲ್ಲದ ಟೆರಿಟೋರಿಯಲ್ ಆರ್ಮಿಯವರಿಗೂ ಇಸಿಎಚ್‌ಎಸ್‌ನಲ್ಲಿ ವರ್ಷ ವರ್ಷ ಹಣ ಕಟ್ಟಿ ಸೇರುವ ಅವಕಾಶ ಕೊಡಿ. ಪುಕ್ಕಟೆ ಬೇಡ. ಸೇವಾ ನಿಧಿ ಕೈಗೆ ಬರುವ ದಿನವೇ ಮೊದಲ ಕಂತು ಹಿಡಿದುಕೊಳ್ಳಲಿ. ಬೇರೆ ನೌಕರಿಯಲ್ಲಿ ವಿಮೆ ಸಿಕ್ಕಿದರೆ ಬಿಟ್ಟುಕೊಡಲಿ. ಸೇವೆಯಲ್ಲಿ ಆದ ಗಾಯಕ್ಕೆ ಮಾತ್ರ ಕಾಯಿಸುವ ಅವಧಿ ಅನ್ನೋದೇ ಇರಬಾರದು.

ಭೂಸೇನೆಯಲ್ಲಿ ಅಗ್ನಿವೀರರ ಮೊದಲ ತಂಡದ ತರಬೇತಿ ಶುರುವಾಗಿದ್ದು 2023ರ ಜನವರಿಯಲ್ಲಿ. ಅವರ ನಾಲ್ಕು ವರ್ಷ 2026ರ ಕೊನೆಗೆ ಮುಗಿಯುತ್ತಾ ಬರುತ್ತದೆ. ನಾನು ತುಮಕೂರಿನ ಸಂಸದರಿಗೆ ಇದನ್ನೇ ಬರೆದು ಕಳಿಸುತ್ತಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮಕ್ಕಳನ್ನು ಸೈನ್ಯಕ್ಕೆ ಕಳಿಸಿದ ಮನೆಯವರೂ ನಿಮ್ಮ ಸಂಸದರಿಗೆ ಬರೆಯಿರಿ.