ಇತ್ತ ನೋಡಬೇ ಯಮ್ಮಾ, ಹಾಜರಿ ಹಾಕೂದೈತಿ

ಉದ್ಯೋಗ ಖಾತರಿಯಲ್ಲಿ, ಅಂದರೆ ಮನರೇಗಾದಲ್ಲಿ, ಕಳ್ಳಹಾಜರಿ ಇತ್ತು, ಸುಳ್ಳಲ್ಲ. ಬೆಂಗಳೂರಿಗೆ ದುಡಿಯಲು ಹೋದವರೂ ಮಣ್ಣಿಗೆ ಹೋದವರೂ ಎನ್‌ಎಂಆರ್ ಎಂಬ ಹಾಜರಿ ಹಾಳೆಯಲ್ಲಿ ಊರ ಕೆರೆಯ ಮಣ್ಣು ಹೊರುತ್ತಿದ್ದರು. ರಾತ್ರಿ ಜೆಸಿಬಿ ಹೂಳೆತ್ತುತ್ತಿತ್ತು, ಹಗಲು ಜನ ಹೆಬ್ಬೆಟ್ಟು ಒತ್ತುತ್ತಿದ್ದರು. ಇಂಥ ಕೆಲಸಕ್ಕೆ ಗುತ್ತಿಗೆದಾರ, ಪಂಚಾಯಿತಿ, ಎಂಜಿನಿಯರ್ ಮೂವರೂ ಒಂದಾಗಬೇಕು. ಆದರೆ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಎಲ್ಲೆಲ್ಲೋ ಹುಡುಕಿ ಕೊನೆಗೆ ಕಳ್ಳಿಯನ್ನು ಕಂಡುಹಿಡಿದದ್ದು ಬುಟ್ಟಿ ಹೊತ್ತ ಹೆಂಗಸಿನ ಮುಖದಲ್ಲಿ. 2021ರ ಮೇ ತಿಂಗಳಲ್ಲಿ ಫೋನಿನಲ್ಲಿ ಹಾಜರಿ ಹಾಕುವ ಎನ್‌ಎಂಎಂಎಸ್ ಆ್ಯಪ್ ಬಂತು. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿ ಬಿಟ್ಟು, ಎಲ್ಲ ಕಡೆ ಕಡ್ಡಾಯವಾಯಿತು.

ವಿಧಾನ ಸರಳ. ನಮ್ಮಲ್ಲಿ ಕಾಯಕಬಂಧು ಎಂದು ಕರೆಸಿಕೊಳ್ಳುವ ಮೇಟಿ, ಅಂದರೆ ಕೂಲಿಯವರ ಗುಂಪು ನೋಡಿಕೊಳ್ಳುವವಳು, ಬೆಳಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಕು. ನಾಲ್ಕು ತಾಸು ಬಿಟ್ಟು ಇನ್ನೊಂದು. ಫೋನು ಅವಳದೇ, ರೀಚಾರ್ಜೂ ಅವಳದೇ. ಹಳ್ಳದೊಳಗೆ ಸಿಗ್ನಲ್ ಇಲ್ಲದಿದ್ದರೆ ದಿಬ್ಬ ಹತ್ತುವ ಕಾಲೂ ಅವಳದೇ. ಸರ್ಕಾರದ್ದು ಆ್ಯಪ್.

ತೊಡಕಿರುವುದು ಎರಡನೇ ಫೋಟೋದಲ್ಲಿ. ಖಾತರಿ ಕೂಲಿಯನ್ನು ಗಡಿಯಾರ ನೋಡಿ ಕೊಡುವುದಿಲ್ಲ. ಅಗೆದ ಗುಂಡಿಗೆ ಟೇಪು ಹಿಡಿದು, ಉದ್ದ ಅಗಲ ಆಳ ಎಂ.ಬಿ. ಎಂಬ ಅಳತೆ ಪುಸ್ತಕಕ್ಕೆ ಬರೆದ ಮೇಲೆ ಕೊಡುತ್ತಾರೆ. ಹಾಗಾಗಿ ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಜನ ನಸುಕಿಗೇ ಬಂದು, ತಲೆ ಸುಡುವ ಮೊದಲೇ ಪಾಲಿನ ಮಣ್ಣು ತೆಗೆದು ಮನೆ ಸೇರುತ್ತಿದ್ದರು. ಈಗ ಕೆಲಸ ಮುಗಿದರೂ ಮುಖ ಮುಗಿದಿರುವುದಿಲ್ಲ. ಹಾಜರಿಗೆ ಸಂಚಕಾರ ಬಂದೀತೆಂದು ಉರಿಬಿಸಿಲಲ್ಲಿ ಗುಂಡಿಯ ಪಕ್ಕ ಕೂತಿರಬೇಕು. ಅತ್ತ ಗುಂಡಿ ಎಷ್ಟು ಆಳ, ಅದನ್ನು ತೋಡಿದ್ದು ಸನಿಕೆಯೋ ಜೆಸಿಬಿಯೋ ಎಂಬ ಕ್ಷುಲ್ಲಕ ವಿಷಯ ಆ್ಯಪಿಗೆ ಬೇಕಿಲ್ಲ.

ಇಷ್ಟು ಕಾವಲಿದ್ದ ಮೇಲೆ ಕಳ್ಳತನ ನಿಲ್ಲಬೇಕಿತ್ತಲ್ಲವೇ? 2025ರ ಜುಲೈನಲ್ಲಿ ಸಚಿವಾಲಯವೇ ರಾಜ್ಯಗಳಿಗೆ ಸುತ್ತೋಲೆ ಕಳಿಸಿ ಆ್ಯಪಿಗೆ ಟೋಪಿ ಹಾಕುವ ಬಗೆಗಳನ್ನು ಪಟ್ಟಿ ಮಾಡಿತು. ಕಾಮಗಾರಿಗೆ ಸಂಬಂಧವೇ ಇಲ್ಲದ ಚಿತ್ರ. ಫೋಟೋದ ಫೋಟೋ. ಪಟ್ಟಿಯಲ್ಲಿ ಹೆಂಗಸರು, ಚಿತ್ರದಲ್ಲಿ ಗಂಡಸರು. ಒಬ್ಬನೇ ಹಲವು ಎನ್‌ಎಂಆರ್‌ಗಳಲ್ಲಿ ಹಾಜರು. ಹೊಸದಾಗಿ ಸೇರಿದ ಗುತ್ತಿಗೆದಾರನಿಗೆ ಇದಕ್ಕಿಂತ ಒಳ್ಳೆಯ ಕೈಪಿಡಿ ಸಿಗಲಾರದು.

ಮದ್ದನ್ನೂ ಅಲ್ಲೇ ಬರೆದರು: ಗ್ರಾಮ ಪಂಚಾಯಿತಿ ಸಿಬ್ಬಂದಿ ನೂರಕ್ಕೆ ನೂರು ಫೋಟೋ ಕಣ್ಣಾರೆ ನೋಡಿ ಒಪ್ಪಬೇಕು, ಅದರಲ್ಲಿ ಕೆಲವನ್ನು ತಾಲ್ಲೂಕಿನವರು, ಜಿಲ್ಲೆಯವರು, ರಾಜ್ಯದವರು ಮತ್ತೆ ನೋಡಬೇಕು. ಅಂದರೆ ಪಂಚಾಯಿತಿಯನ್ನು ನಂಬದೆ ಆ್ಯಪ್ ತಂದರು, ಈಗ ಆ್ಯಪನ್ನು ನಂಬದೆ ಪಂಚಾಯಿತಿಗೆ ಕೊಟ್ಟರು. ನಡುವೆ ಹೋದದ್ದು ನಾಲ್ಕು ವರ್ಷ ಮತ್ತು ಕಾಯಕಬಂಧುವಿನ ಡೇಟಾ. ಅದೇ ಡಿಸೆಂಬರಿನಲ್ಲಿ ಸಂಸತ್ತು ಮನರೇಗಾ ಜಾಗಕ್ಕೆ ಹೊಸ ಕಾಯ್ದೆಯನ್ನೇ ತಂದಿತು. ವರ್ಷಕ್ಕೆ ಖಾತರಿಯ 100 ದಿನ 125 ಆಯಿತು, ವಂಚನೆ ಹಿಡಿಯಲು ಕೃತಕ ಬುದ್ಧಿಮತ್ತೆ ಬರುತ್ತದಂತೆ. ಇದ್ದ ಬುದ್ಧಿಯನ್ನು ಬಳಸಿ ನೋಡಿದ್ದಾಯಿತಲ್ಲ!

ಇನ್ನು ಕೂಲಿಯ ಹಾಜರಿ. ಮನರೇಗಾ ಪ್ರಕಾರ 15 ದಿನದೊಳಗೆ ಹಣ ಖಾತೆಗೆ ಬರಬೇಕೆಂದಿತ್ತು. ತಡವಾದರೆ 16ನೇ ದಿನದಿಂದ ದಿನಕ್ಕೆ ಶೇ 0.05 ಪರಿಹಾರ. 2025-26ರಲ್ಲಿ ಕರ್ನಾಟಕದ ಕೂಲಿ 370 ರೂಪಾಯಿ. ಆರು ದಿನದ್ದು 2,220. ಅದು ಬಾರದೆ ಉಳಿದ ಪ್ರತಿ ದಿನಕ್ಕೆ 1 ರೂಪಾಯಿ 11 ಪೈಸೆ. ಈ ತಡಕ್ಕೆ ಬೆಳಗ್ಗೆ ಒಮ್ಮೆ, ನಾಲ್ಕು ತಾಸು ಬಿಟ್ಟು ಇನ್ನೊಮ್ಮೆ, ಯಾವ ಕಚೇರಿಯವರನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಕೆಂದು ಕೇಳಿದರೆ, ಕಾಯಕಬಂಧು ಫೋನಿನಲ್ಲಿ ಚಾರ್ಜ್ ಇಲ್ಲ ಅನ್ನುತ್ತಾಳೆ.